ಬೈಕಿನ ಎಂಜಿನ್ ಬಿಸಿ: ಹಾಲು ಉತ್ಪಾದಕರು ತಿಳಿದಿರಬೇಕಾದ ವಿಷಯ



ಗುರುವಾಯನಕೆರೆ ಸುತ್ತಮುತ್ತಲಿನ ಗ್ರಾಮಗಳ ಅನೇಕ ಸದಸ್ಯರು ಸಂಘಕ್ಕೆ ಹಾಲು ತರುವುದು ಬೈಕಿನಲ್ಲಿ. ಹೋಗುವಾಗ ಹಾಲಿನ ಕ್ಯಾನು, ಬರುವಾಗ ಪಶು ಆಹಾರದ ಚೀಲ, ತೋಟದ ಕಡಿದಾದ ಏರು, ಮಳೆಗಾಲದ ಕೆಸರು. ಎಂಜಿನ್‌ಗೆ ಇದು ಸುಲಭದ ದುಡಿಮೆಯಲ್ಲ. ಅದರ ಬಿಸಿ ಹೇಗೆ ಹೊರಹೋಗುತ್ತದೆ ಎಂಬುದನ್ನು ತಿಳಿದರೆ ಬೈಕೂ ಉಳಿಯುತ್ತದೆ, ಹಟ್ಟಿಯ ಕರುವೂ ಉಳಿಯುತ್ತದೆ.

ಹಸುವಿನ ದೇಹದ ಉಷ್ಣತೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಮೈಯ ಹೆಚ್ಚುವರಿ ಶಾಖವನ್ನು ಅದು ಉಸಿರು ಮತ್ತು ಬೆವರಿನ ಮೂಲಕ ಹೊರಹಾಕುತ್ತದೆ. ಎಂಜಿನ್‌ನೊಳಗೆ ಪೆಟ್ರೋಲ್ ಉರಿಯುವಾಗ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಶಾಖ ಹೊರಹೋಗದಿದ್ದರೆ ಪಿಸ್ಟನ್ ಹಿಗ್ಗಿ, ಸಿಲಿಂಡರ್‌ಗೆ ಕಚ್ಚಿಕೊಂಡು ಎಂಜಿನ್ 'ಸೀಜ್' ಆಗುತ್ತದೆ.

ತಂಪುಗೊಳಿಸುವ ವಿಧಾನ ಎರಡು.

ಗಾಳಿಯಿಂದ: ಸಿಲಿಂಡರ್ ಸುತ್ತಲಿನ ಲೋಹದ ಪಟ್ಟಿಗಳಿಗೆ ಗಾಳಿ ತಗಲಿ ಶಾಖ ಹೋಗುತ್ತದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಈ ಬಗೆಯವು. ಬೈಕ್ ಓಡಿದರೆ ಮಾತ್ರ ಗಾಳಿ ಸಿಗುತ್ತದೆ. ಎಂಜಿನ್ ಆಯಿಲ್ ಕೂಡ ಶಾಖವನ್ನು ಹೊತ್ತೊಯ್ಯುತ್ತದೆ.

ದ್ರವದಿಂದ: ಎಂಜಿನ್ ಸುತ್ತ ಹರಿಯುವ ಕೂಲೆಂಟ್ ಶಾಖವನ್ನು ರೇಡಿಯೇಟರ್‌ಗೆ ಒಯ್ಯುತ್ತದೆ. 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಜಾವಾದಲ್ಲಿ ಈ ವ್ಯವಸ್ಥೆ ಇದೆ. ಮುಚ್ಚಳದೊಳಗೆ ಒತ್ತಡ ಇರುವುದರಿಂದ ದ್ರವ 100 ಡಿಗ್ರಿ ಆದರೂ ಕುದಿಯುವುದಿಲ್ಲ. ಬಿಸಿಯಿರುವಾಗ ಮುಚ್ಚಳ ತೆರೆದರೆ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಪಟ್ಟಿಗಳ ನಡುವೆ, ರೇಡಿಯೇಟರ್ ಮೇಲೆ ಕೆಸರು ಒಣಗಲು ಬಿಡಬೇಡಿರಿ. ಎಂಜಿನ್ ತಣಿದ ಮೇಲೆ ತೊಳೆಯಿರಿ.
2. ಆಯಿಲ್ ಮಟ್ಟವನ್ನು ಆಗಾಗ ನೋಡಿರಿ. ಕಂಪೆನಿ ಹೇಳಿದ ಅವಧಿಗೆ ಬದಲಿಸಿರಿ.
3. ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ಎಳೆಯಬೇಡಿರಿ. ಕೆಳಗಿನ ಗೇರ್ ಹಾಕಿರಿ.
4. ಸಂಘದ ಮುಂದೆ ಸರದಿಗೆ ಕಾಯುವಾಗ ಎಂಜಿನ್ ಆರಿಸಿರಿ.
5. ಹಾಲಿನ ಕ್ಯಾನು ಸೈಲೆನ್ಸರ್‌ಗೆ ತಾಗದಂತೆ ಕಟ್ಟಿರಿ. ಹಾಲು ಬೆಚ್ಚಗಿದ್ದಷ್ಟೂ ಅದರಲ್ಲಿ ಸೂಕ್ಷ್ಮಾಣುಗಳು ಬೇಗ ಬೆಳೆಯುತ್ತವೆ.

ಇನ್ನು ಅತಿ ಮುಖ್ಯ ಎಚ್ಚರಿಕೆ. ಹೆಚ್ಚಿನ ಕೂಲೆಂಟ್‌ಗಳಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ಸಿಹಿ ರುಚಿಯ ವಿಷ ಇರುತ್ತದೆ. ಮೆಲುಕು ಹಾಕಲು ಆರಂಭಿಸದ ಕರುವಿಗೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 2 ಮಿ.ಲೀ. ಶುದ್ಧ ಗ್ಲೈಕಾಲ್ ಸಾಕು, ಪ್ರಾಣಕ್ಕೆ ಅಪಾಯ. ಅಂದರೆ 30 ಕಿಲೋ ತೂಕದ ಕರುವಿಗೆ 60 ಮಿ.ಲೀ. ನಾಯಿ, ಬೆಕ್ಕುಗಳಿಗೂ ಇದು ಮಾರಕ. ವಿಷ ಸೇವಿಸಿದ ಪ್ರಾಣಿ ಮೊದಲು ಅಮಲೇರಿದಂತೆ ತೂರಾಡುತ್ತದೆ, ಏದುಸಿರು ಬಿಡುತ್ತದೆ, ಮಲಗಿದರೆ ಏಳುವುದಿಲ್ಲ. ಬಳಿಕ ಮೂತ್ರಪಿಂಡ ಕೆಡುತ್ತದೆ.

ಕೆಚ್ಚಲು ಕಟ್ಟಿದ ಹಸುವಿಗೆ ಕರು ಹಾಕಿದ ಮೇಲೆ ಕೀಟೋಸಿಸ್ ಬಂದರೆ ನಾವು ಕುಡಿಸುವುದು ಪ್ರೊಪಿಲೀನ್ ಗ್ಲೈಕಾಲ್. ಹೆಸರು ಹತ್ತಿರವಾದರೂ ಇದು ಬೇರೆಯೇ ಪದಾರ್ಥ. ಬೈಕಿನ ಡಬ್ಬಿಯ ಗ್ಲೈಕಾಲನ್ನು ಹಸುವಿಗೆ ಎಂದೂ ಕುಡಿಸಬಾರದು.

ಆದುದರಿಂದ ಕೂಲೆಂಟ್ ಬದಲಿಸುವ ಕೆಲಸವನ್ನು ವರ್ಕ್‌ಶಾಪಿನಲ್ಲೇ ಮಾಡಿಸಿರಿ. ಅಂಗಳಕ್ಕೆ, ಹಟ್ಟಿಯ ಚರಂಡಿಗೆ ಚೆಲ್ಲಬೇಡಿರಿ. ಖಾಲಿ ಡಬ್ಬಿಯನ್ನು ಅಕ್ಕಚ್ಚು ಅಥವಾ ನೀರು ಕೊಡಲು ಬಳಸಬೇಡಿರಿ. ಬೈಕ್ ನಿಲ್ಲಿಸಿದಲ್ಲಿ ಬಣ್ಣದ ನೀರು ತೊಟ್ಟಿಕ್ಕಿದ್ದು ಕಂಡರೆ ಕೂಡಲೇ ತೊಳೆದು, ಸೋರಿಕೆಯನ್ನು ಸರಿಪಡಿಸಿರಿ. ಜಾನುವಾರು ನೆಕ್ಕಿದ ಸಂಶಯ ಬಂದರೆ ಲಕ್ಷಣಕ್ಕಾಗಿ ಕಾಯದೆ, ಡಬ್ಬಿಯ ಚೀಟಿ ಸಮೇತ ಪಶುವೈದ್ಯರನ್ನು ಸಂಪರ್ಕಿಸಿರಿ. ಈ ವಿಷಕ್ಕೆ ಆರಂಭದ ಗಂಟೆಗಳಲ್ಲಿ ಮಾಡಿದ ಚಿಕಿತ್ಸೆಯೇ ಫಲ ಕೊಡುವುದು.