ಹಂದಿಕೂದಲಿನ ಬ್ರಷ್ಷೂ ಹಿಂದಿನ ಗಿರಾಕಿಯ ಮರಳೂ

ಎರಡು ಪಕ್ಕ ಗೋಡೆ, ಮೇಲೊಂದು ಸೂರು, ಹಿಂದೆ ಮುಂದೆ ಬಯಲು. ಅಮೆರಿಕದ ಊರುಗಳಲ್ಲಿ ರಸ್ತೆ ಬದಿಗೆ ಕಾಣುವ ಸೆಲ್ಫ್ ಸರ್ವಿಸ್ ಕಾರ್ ವಾಶ್ ಎಂದರೆ ಇಷ್ಟೇ. ಕಾರನ್ನು ಒಳಗೆ ನಿಲ್ಲಿಸಿ ಯಂತ್ರಕ್ಕೆ ನಾಣ್ಯ ಹಾಕಿದರೆ, ಇಲ್ಲವೇ ಕಾರ್ಡ್ ತೋರಿಸಿದರೆ, ಕೆಲವು ನಿಮಿಷ ನೀರೂ ಸಾಬೂನೂ ನಿಮ್ಮವು. ತೊಳೆಯುವ ಶ್ರಮವೂ ನಿಮ್ಮದೇ. ಅಲ್ಲಿ ಎರಡು ಸಲಕರಣೆಗಳಿರುತ್ತವೆ. ಒಂದು, ಸುಮಾರು 1000ದಿಂದ 1200 ಪಿಎಸ್‌ಐ ಒತ್ತಡದಲ್ಲಿ ನೀರು ಚಿಮ್ಮಿಸುವ ಗನ್. ಇನ್ನೊಂದು, ಟೊಳ್ಳು ಹಿಡಿಕೆಯೊಳಗಿಂದ ನೊರೆ ಉಕ್ಕಿಸುವ ಫೋಮ್ ಬ್ರಷ್.

ಕಾರನ್ನು ಕಣ್ಣಿನ ರೆಪ್ಪೆಯಂತೆ ಕಾಯುವವರು ಈ ಎರಡನೆಯದನ್ನು ಮುಟ್ಟುವುದೇ ಇಲ್ಲ. ಬಣ್ಣ ಗೀರುತ್ತದೆ ಎಂಬ ಭಯ. ಹಾಗಾದರೆ ಅದನ್ನು ಕಿತ್ತೆಸೆದು ಬರೀ ಒತ್ತಡದ ನೀರಿನಲ್ಲೇ ಕೆಲಸ ಮುಗಿಸಬಾರದೇ? ಆಗುವುದಿಲ್ಲ. ನೀರು ಎಷ್ಟೇ ರಭಸವಾಗಿ ಬಡಿದರೂ ಲೋಹದ ಮೈಗೆ ತೀರಾ ಹತ್ತಿರದ ತೆಳು ಪದರದಲ್ಲಿ ಅದರ ವೇಗ ಸೊನ್ನೆಯತ್ತ ಇಳಿಯುತ್ತದೆ. ಆ ಪದರದೊಳಗೆ ಅಡಗಿ ಕೂತ ಸಣ್ಣ ಧೂಳನ್ನು ಪ್ರವಾಹ ಮುಟ್ಟುವುದೇ ಇಲ್ಲ. ದೊಡ್ಡ ಕಣಗಳೆಲ್ಲ ಹಾರಿಹೋಗಿ, ಒಣಗಿದ ಮೇಲೆ ಬೂದು ಬಣ್ಣದ ತೆಳು ಪೊರೆಯೊಂದು ಉಳಿದುಬಿಡುತ್ತದೆ. ಅದನ್ನು ತೆಗೆಯಲು ಏನಾದರೊಂದು ಉಜ್ಜಲೇಬೇಕು.

ಇನ್ನು ಗೀರಿನ ಮಾತು. ಈಗಿನ ಕಾರುಗಳ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ಹೆಚ್ಚಲ್ಲ. ಅದೊಂದು ಪ್ಲಾಸ್ಟಿಕ್ ಪದರ. ನೈಲಾನ್ ಎಳೆಯೂ ಪ್ಲಾಸ್ಟಿಕ್ಕೇ. ರಸ್ತೆಯ ಧೂಳಿನಲ್ಲಿರುವ ಮರಳಾದರೋ ಹೆಚ್ಚಾಗಿ ಕ್ವಾರ್ಟ್ಸ್. ಮೋಸ್ ಗಡಸುತನದ ಅಳತೆಯಲ್ಲಿ ಅದು 7, ಗಾಜನ್ನೇ ಕೊರೆಯಬಲ್ಲದು. ಆದ್ದರಿಂದ ಬಣ್ಣ ಕೆಡಿಸುವ ಮುಖ್ಯ ಆರೋಪಿ ಬಿರುಗೂದಲಲ್ಲ, ಅದರ ನಡುವೆ ಸಿಕ್ಕಿಕೊಂಡ ಮರಳು. ಆ ಮರಳು ನಿಮ್ಮ ಕಾರಿನದೇ ಆಗಿರಬೇಕೆಂದಿಲ್ಲ. ಹಿಂದಿನ ಗಿರಾಕಿ ಅದೇ ಬ್ರಷ್ಷಿನಿಂದ ಚಕ್ರಗಳನ್ನೂ ಪಿಕಪ್ ಟ್ರಕ್ಕಿನ ಕೆಸರನ್ನೂ ತಿಕ್ಕಿ ಹೋಗಿರಬಹುದು. ನಮ್ಮೂರಿನ ಒಂದೇ ಬಕೆಟ್, ಒಂದೇ ಹಳೇ ಬನಿಯನ್ನಿನ ಪದ್ಧತಿಯಲ್ಲೂ ಆಗುವುದು ಇದೇ ಅನ್ನಿ.

ಈ ಗೀರುಗಳು ಬಿಸಿಲಲ್ಲಿ ಸುತ್ತುಸುತ್ತಾಗಿ ಕಾಣುತ್ತವಲ್ಲ, ಅದು ಬೆಳಕಿನ ಆಟ. ಗೀರುಗಳು ಎಲ್ಲ ದಿಕ್ಕಿನಲ್ಲೂ ಇರುತ್ತವೆ. ಆದರೆ ಸೂರ್ಯನ ಪ್ರತಿಬಿಂಬಕ್ಕೆ ಅಡ್ಡಲಾಗಿರುವವು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ಚೆಲ್ಲುತ್ತವೆ, ಉಳಿದವು ಮರೆಯಾಗುತ್ತವೆ. ದೀಪದಡಿ ಹಿಡಿದ ಹಳೆಯ ಸ್ಟೀಲ್ ತಟ್ಟೆಯಲ್ಲಿ ಜೇಡರ ಬಲೆ ಕಾಣುವುದೂ ಹೀಗೆಯೇ. ತಟ್ಟೆ ಸರಿಸಿದರೆ ಬಲೆಯೂ ಸರಿಯುತ್ತದೆ.

ಹಾಗಾಗಿ ಬ್ರಷ್ ಕೊಳ್ಳುವ ಮಾಲೀಕ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ: ಇದು ಮರಳನ್ನು ಎಷ್ಟು ಬಲವಾಗಿ ಒತ್ತುತ್ತದೆ, ಎಷ್ಟು ಬೇಗ ಬಿಟ್ಟುಕೊಡುತ್ತದೆ? ಮರಳ ಕಣದ ಮೇಲಿನ ಒತ್ತಡ ಒಂದು ಮಿತಿಯೊಳಗಿದ್ದರೆ ಕ್ಲಿಯರ್ ಕೋಟ್ ತುಸು ತಗ್ಗಿ ಮತ್ತೆ ಮೇಲೇಳುತ್ತದೆ. ಮಿತಿ ಮೀರಿದರೆ ಕಾಯಂ ಗೀರು.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಸಿಗುವುದು ಹಂದಿಕೂದಲು ಮತ್ತು ನೈಲಾನ್. ಇವೆರಡರ ಪೈಪೋಟಿ ಹಳೆಯದು. ಡುಪಾಂಟ್ ಕಂಪನಿಯ ನೈಲಾನ್ 1938ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದೇ ಹಲ್ಲುಜ್ಜುವ ಬ್ರಷ್ಷಿನ ರೂಪದಲ್ಲಿ, ಹಂದಿಕೂದಲಿನ ಜಾಗ ಹಿಡಿಯಲು. ಬಾಯಿಯೊಳಗಿನ ಯುದ್ಧವನ್ನು ಅದು ಗೆದ್ದಿತು. ಕಾರ್ ವಾಶ್‌ನಲ್ಲಿ ಇನ್ನೂ ಪೂರ್ತಿ ಗೆದ್ದಿಲ್ಲ, ಅದಕ್ಕೆ ಕಾರಣವಿದೆ. ಹಂದಿಕೂದಲಿನ ತುದಿ ಸಹಜವಾಗಿಯೇ ಸೀಳಿ ಕವಲಾಗಿರುತ್ತದೆ. ಅದು ಕೆರಾಟಿನ್ ಎಂಬ ಪ್ರೋಟೀನ್ ಆದ್ದರಿಂದ ನೀರು ಹೀರಿ ಮೆತ್ತಗಾಗುತ್ತದೆ. ನೊರೆಯನ್ನು ಚೆನ್ನಾಗಿ ಹಿಡಿದಿಡುತ್ತದೆ. ಆದರೆ ಬೇಗ ಸವೆಯುತ್ತದೆ, ತೀಕ್ಷ್ಣ ಕ್ಷಾರೀಯ ಸಾಬೂನು ಕೆರಾಟಿನ್ನನ್ನೇ ತಿನ್ನುತ್ತದೆ. ನೈಲಾನ್ ಬಾಳಿಕೆ ಬರುತ್ತದೆ. ಯಂತ್ರದಿಂದ ತುದಿ ಸೀಳಿದ ನೈಲಾನೂ ಉಂಟು. ನನ್ನನ್ನು ಕೇಳಿದರೆ, ಮಾಲೀಕ ದಿನಾ ಬಂದು ಬ್ರಷ್ ತೊಳೆಯುವ ಜಾಗಕ್ಕೆ ಹಂದಿಕೂದಲು, ವಾರಕ್ಕೊಮ್ಮೆ ದುಡ್ಡಿನ ಪೆಟ್ಟಿಗೆ ತೆರೆಯಲಷ್ಟೇ ಬರುವ ಜಾಗಕ್ಕೆ ತುದಿ ಸೀಳಿದ ನೈಲಾನ್. ತುದಿ ಸೀಳದ ದಪ್ಪ ನೈಲಾನ್ ಚಕ್ರಕ್ಕೆ ಮಾತ್ರ.

ವಸ್ತುವಿಗಿಂತ ಹೆಚ್ಚಿನ ಪರಿಣಾಮ ಅಳತೆಯದು. ಎಳೆಯ ಬಿಗುವು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಉದ್ದದ ಮೂರನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ದಪ್ಪ ಅರ್ಧವಾದರೆ ಬಿಗುವು ಹದಿನಾರನೇ ಒಂದು ಪಾಲು. ಹಳೆಯ ಬ್ರಷ್ ಕೆದರಿಕೊಂಡಾಗ ಕತ್ತರಿ ಹಿಡಿದು ತುದಿ ಸಮ ಮಾಡುವ ಮಾಲೀಕರಿದ್ದಾರೆ. ನೋಡಲು ಅಚ್ಚುಕಟ್ಟು, ಆದರೆ ಐದರಲ್ಲೊಂದು ಪಾಲು ಉದ್ದ ಕತ್ತರಿಸಿದರೂ ಪ್ರತಿ ಎಳೆಯ ಬಿಗುವು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಜೊತೆಗೆ ಸೀಳಿದ ಮೆದು ತುದಿಯೂ ಹೋಗಿ, ಚೂಪು ಅಂಚಿನ ಮೋಟು ಕಡ್ಡಿ ಉಳಿಯುತ್ತದೆ. ಮಾಡಬಾರದ ಮಾರ್ಪಾಡು ಅಂದರೆ ಇದು.

ಮಾಡಬಹುದಾದವುಗಳಲ್ಲಿ ಮೊದಲನೆಯದು ನೊರೆಗೆ ಸಂಬಂಧಿಸಿದ್ದು. ಸಾಬೂನು ನೀರಿಗೆ ಒತ್ತಡದ ಗಾಳಿ ಸೇರಿಸಿ, ಜಾಲರಿಯಂಥ ವಸ್ತು ತುಂಬಿದ ಕೊಳವೆಯ ಮೂಲಕ ನೂಕಿದಾಗ ಗುಳ್ಳೆಗಳು ಒಡೆದು ಸಣ್ಣವಾಗಿ ನೊರೆಯಾಗುತ್ತವೆ. ಈ ನೊರೆಯ ಕೆಲಸ ಕೊಳೆ ಬಿಡಿಸುವುದಷ್ಟೇ ಅಲ್ಲ. ಅದು ಬಾಗಿಲಿನಂಥ ನೇರ ಮೈಯಲ್ಲೂ ಕೆಲ ಹೊತ್ತು ನಿಂತು, ಎಳೆಗೂ ಬಣ್ಣಕ್ಕೂ ನಡುವೆ ಜಾರುವ ಪದರವಾಗುತ್ತದೆ. ಬ್ರಷ್ಷಿನ ಬುಡದಿಂದ ಹೊರಗೆ ಹರಿಯುತ್ತ ಮರಳನ್ನೂ ಹೊರಗೆ ತಳ್ಳುತ್ತದೆ. ಗಾಳಿ ಹೆಚ್ಚಿಸಿದರೆ ನೊರೆ ಬೆಟ್ಟದಷ್ಟು ಬರುತ್ತದೆ, ಗಿರಾಕಿ ಖುಷಿಯಾಗುತ್ತಾನೆ, ಆದರೆ ಅದು ಒಣ ನೊರೆ. ಜಾರಿಸುವ ದ್ರವ ಅದರಲ್ಲಿ ಕಡಿಮೆ. ಕೈಯಲ್ಲಿ ಹಿಡಿದರೆ ನಿಧಾನವಾಗಿ ಒಸರುವಷ್ಟು ತೇವದ ನೊರೆ ಒಳ್ಳೆಯದು. ಇನ್ನು, ನೊರೆ ಸುಲಭದ ದಾರಿ ಹುಡುಕುತ್ತದೆ. ಹಿಡಿಕೆಗೆ ಹತ್ತಿರದ ತೂತುಗಳಲ್ಲೇ ಹೊರಬಿದ್ದು ಬ್ರಷ್ಷಿನ ಅಂಚು ಒಣಗಿ ಉಳಿಯಬಹುದು. ಹತ್ತಿರದ ಒಂದೆರಡು ತೂತು ಮುಚ್ಚಿ, ದೂರದವನ್ನು ತುಸು ದೊಡ್ಡದು ಮಾಡಿದರೆ ಹಂಚಿಕೆ ಸಮವಾಗುತ್ತದೆ.

ಮಾಡಬಹುದಾದ ಉಳಿದ ಮಾರ್ಪಾಡುಗಳು ಇವು. ಬ್ರಷ್ ತಲೆಯ ಸುತ್ತ ರಬ್ಬರ್ ಪಟ್ಟಿ, ಗಟ್ಟಿ ಅಂಚು ಬಣ್ಣಕ್ಕೆ ತಾಗದಿರಲು. ಎಳೆಗಳು ನೆಲಕ್ಕೆ ತಗಲದಂತೆ ತೂಗುವ ಕೊಕ್ಕೆ. ಭಾರ ಎಳೆಗಳ ಮೇಲೆ ಬಿದ್ದರೆ ನೈಲಾನ್ ಬಾಗಿದ ಹಾಗೆಯೇ ಉಳಿದುಬಿಡುತ್ತದೆ. ಚಕ್ರಗಳಿಗೆ ಬೇರೆಯದೇ ಬ್ರಷ್. ಗಿರಾಕಿಯ ಪಾಲಿಗೆ ಒಂದೇ ಕೆಲಸ: ಮೊದಲು ಗನ್ನಿನಿಂದ ಕಾರನ್ನೂ, ಅದೇ ಗನ್ನಿನಿಂದ ಬ್ರಷ್ಷನ್ನೂ ತೊಳೆದುಕೊಳ್ಳುವುದು.

ಮಿನ್ನೆಸೋಟ, ಮಿಶಿಗನ್‌ನಂಥ ಉತ್ತರದ ರಾಜ್ಯಗಳಲ್ಲಿ ಚಳಿಗಾಲ ಬಂದಾಗ ಲೆಕ್ಕವೇ ಬದಲಾಗುತ್ತದೆ. ಗನ್ನಿನ ಕೊಳವೆ ಹೆಪ್ಪುಗಟ್ಟದಂತೆ ನೀರನ್ನು ಸದಾ ತೊಟ್ಟಿಕ್ಕಿಸುತ್ತಾರೆ. ನೊರೆಯ ಕೊಳವೆಗೆ ಅದು ಸಾಲದೆ ಆ್ಯಂಟಿಫ್ರೀಜ್ ದ್ರವ ಹಾಯಿಸುವುದುಂಟು. ಬ್ರಷ್ ಒದ್ದೆಯಾಗಿಯೇ ಹೆಪ್ಪುಗಟ್ಟಿದರೆ ಮತ್ತೆ ನಾಲ್ಕನೇ ಘಾತದ ನಿಯಮ ಕಾಡುತ್ತದೆ: ಬಿಡಿಬಿಡಿಯಾಗಿ ಬಾಗಬೇಕಾದ ನೂರು ಎಳೆಗಳು ಮಂಜುಗಡ್ಡೆಯಲ್ಲಿ ಒಂದೇ ಕಂಬಿಯಾದರೆ ಒಟ್ಟು ಬಿಗುವು ಸುಮಾರು ನೂರು ಪಟ್ಟಾಗುತ್ತದೆ. ಅದಕ್ಕೇ ಕೆಲವು ಮಾಲೀಕರು ಕಡುಚಳಿಯಲ್ಲಿ ಬ್ರಷ್ ಬಿಚ್ಚಿ ಒಳಗಿಡುತ್ತಾರೆ. ನಷ್ಟ ದೊಡ್ಡದೇನಲ್ಲ. ಆ ತಿಂಗಳುಗಳಲ್ಲಿ ಕಾರಿಗೆ ಮೆತ್ತುವುದರಲ್ಲಿ ಮುಖ್ಯವಾದದ್ದು ರಸ್ತೆಗೆ ಸುರಿದ ಉಪ್ಪು. ಅದು ನೀರಲ್ಲೇ ಕರಗುತ್ತದೆ, ಮತ್ತು ತುಕ್ಕು ಹಿಡಿಸಲು ಅದು ಸೇರಿಕೊಳ್ಳುವ ಕಾರಿನ ತಳಭಾಗಕ್ಕೆ ಬ್ರಷ್ ಹೇಗೂ ತಲುಪುವುದಿಲ್ಲ.