ಊರಲ್ಲಿ ಜ್ವರವಿರುವಾಗ ಪಂದ್ಯಾಟ ಬೇಕೇ?

ಆಟಿ ತಿಂಗಳ ಒಂದು ಸಂಜೆ. ಜ್ವರದವರ ಸಾಲು ಮುಗಿಯುವ ಹೊತ್ತಿಗೆ ಮೂವರು ಯುವಕರು ಕ್ಲಿನಿಕ್ಕಿನ ಒಳಗೆ ಬಂದರು. ಯಾರಿಗೂ ಕಾಯಿಲೆ ಇರಲಿಲ್ಲ. ಒಬ್ಬನ ಕೈಯಲ್ಲಿ ಕೆಸರುಗದ್ದೆ ಫುಟ್‌ಬಾಲ್ ಪಂದ್ಯಾಟದ ನೋಟೀಸು ಇತ್ತು.

“ಡಾಕ್ಟ್ರೇ, ಹದಿನಾರು ಟೀಮು ಹೆಸರು ಕೊಟ್ಟಿದೆ. ಶಾಮಿಯಾನದವರಿಗೆ ಅಡ್ವಾನ್ಸ್ ಕೊಟ್ಟಾಯ್ತು. ಈಗ ಊರಲ್ಲಿ ಜ್ವರ ಉಂಟು, ಆಟ ಬೇಡ ಅಂತ ಹಿರಿಯರು ಹೇಳ್ತಾರೆ. ನೀವೊಂದು ಮಾತು ಹೇಳಿದ್ರೆ ಅವರು ಒಪ್ತಾರೆ.”

“ಊರಲ್ಲಿರುವುದು ಯಾವ ಜ್ವರ?” ಎಂದು ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮಳೆಗಾಲದಲ್ಲಿ ಕೆಸರುಗದ್ದೆ ಆಟ. ಮಳೆ ನಿಂತ ಮೇಲೆ ಕಂಬಳ, ಕಬಡ್ಡಿ, ವಾಲಿಬಾಲ್, ಜಾತ್ರೆ, ನೇಮ, ಬಯಲಾಟ. ಜನ ಸೇರುವ ಸಂದರ್ಭಗಳಿಗೆ ನಮ್ಮಲ್ಲಿ ಕೊರತೆಯಿಲ್ಲ, ಜ್ವರಗಳಿಗೂ ಕೊರತೆಯಿಲ್ಲ. ಹಾಗಾಗಿ ಆ ಯುವಕರ ಪ್ರಶ್ನೆ ಪ್ರತಿ ಊರಿಗೂ ಒಂದಲ್ಲ ಒಂದು ದಿನ ಬರುವಂಥದ್ದು. ಉತ್ತರ ಹೇಳುವ ಮೊದಲು ಆ ರೋಗ ಯಾವುದು, ಅದು ಒಬ್ಬರಿಂದ ಇನ್ನೊಬ್ಬರಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಗೊತ್ತಿರಬೇಕು.

ಎಬೋಲ ಮತ್ತು ಆಫ್ರಿಕ ಕಪ್

ಇದೇ ಪ್ರಶ್ನೆ 2014ರಲ್ಲಿ ಒಂದು ಇಡೀ ಖಂಡದ ಎದುರು ನಿಂತಿತ್ತು. ಆಫ್ರಿಕ ರಾಷ್ಟ್ರಗಳ ಫುಟ್‌ಬಾಲ್ ಕಪ್ 2015ರ ಜನವರಿಯಲ್ಲಿ ಮೊರಾಕೊದಲ್ಲಿ ನಡೆಯಬೇಕಿತ್ತು. ಆಗ ಗಿನಿ, ಲೈಬೀರಿಯ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲ ರೋಗ ಹಬ್ಬಿತ್ತು. ಅದು ಮುಗಿಯುವಷ್ಟರಲ್ಲಿ 11,000ಕ್ಕೂ ಹೆಚ್ಚು ಜನ ಸತ್ತರು. ಮೊರಾಕೊ ಪಂದ್ಯಾಟವನ್ನು ಮುಂದೂಡಲು ಕೇಳಿಕೊಂಡಿತು. ಆಫ್ರಿಕದ ಫುಟ್‌ಬಾಲ್ ಸಂಸ್ಥೆ ಒಪ್ಪದೆ ಅದನ್ನು ಇಕ್ವಟೋರಿಯಲ್ ಗಿನಿ ಎಂಬ ಸಣ್ಣ ದೇಶಕ್ಕೆ ವರ್ಗಾಯಿಸಿತು. ರೋಗಪೀಡಿತ ಗಿನಿಯ ತಂಡವೂ ಅಲ್ಲಿ ಆಡಿತು. ಪಂದ್ಯಾಟ ಮುಗಿಯಿತು, ಎಬೋಲ ಅಲ್ಲಿಗೆ ಬರಲಿಲ್ಲ.

ಇದನ್ನು ಅದೃಷ್ಟವೆಂದಷ್ಟೇ ಹೇಳಿ ಮುಗಿಸುವಂತಿಲ್ಲ. ಎಬೋಲ ಭೀಕರ ರೋಗವಾದರೂ ಫ್ಲೂವಿನಂತೆ ಗಾಳಿಯಲ್ಲಿ ತೇಲಿ ಬರುವುದಿಲ್ಲ. ರೋಗಿಯ ರಕ್ತ, ವಾಂತಿ, ಭೇದಿಯಂಥ ದ್ರವಗಳ ನೇರ ಸಂಪರ್ಕದಿಂದ ಹರಡುತ್ತದೆ. ರೋಗಲಕ್ಷಣ ಕಾಣಿಸಿದ ಮೇಲೆಯೇ ರೋಗಿ ಅದನ್ನು ಇತರರಿಗೆ ಅಂಟಿಸುತ್ತಾನೆ. ಬಾಗಿಲಲ್ಲಿ ಜ್ವರ ನೋಡಿ ತಡೆದರೆ ಅದಕ್ಕೆ ಅರ್ಥವಿದೆ. ಹಾಗೆಂದು ಮೊರಾಕೊದ ಭಯವನ್ನು ಹಾಸ್ಯ ಮಾಡಬೇಕಾಗಿಲ್ಲ. ಸಾವಿರಾರು ಪ್ರೇಕ್ಷಕರು ಗಡಿ ದಾಟಿ ಬರುವಾಗ ಒಬ್ಬ ರೋಗಿ ತಪ್ಪಿಸಿಕೊಂಡರೂ ಆಸ್ಪತ್ರೆಯ ಸಿಬ್ಬಂದಿಯ ಜೀವಕ್ಕೆ ಕುತ್ತು.

ಕೋವಿಡ್ ಕಲಿಸಿದ ಪಾಠ

ಕೋವಿಡ್‌ನ ರೀತಿಯೇ ಬೇರೆ. ಜ್ವರ, ಕೆಮ್ಮು ಬರುವುದಕ್ಕೆ ಒಂದೆರಡು ದಿನ ಮೊದಲೇ ಮನುಷ್ಯ ಅದನ್ನು ಹರಡಬಲ್ಲ. ಅಂಥವನ ಹಣೆಗೆ ಯಂತ್ರ ಹಿಡಿದರೆ ಅದು ಏನನ್ನೂ ತೋರಿಸುವುದಿಲ್ಲ. 2020ರ ಫೆಬ್ರವರಿ 19ರಂದು ಇಟಲಿಯ ಮಿಲಾನ್ ನಗರದಲ್ಲಿ ಅಟಲಾಂಟ ಮತ್ತು ವೆಲೆನ್ಸಿಯ ತಂಡಗಳ ಪಂದ್ಯಕ್ಕೆ 40,000ಕ್ಕೂ ಹೆಚ್ಚು ಜನ ಸೇರಿದ್ದರು. ಬಹುಪಾಲು ಜನ ಬೆರ್ಗಾಮೊದಿಂದ ಬಸ್ಸು, ರೈಲುಗಳಲ್ಲಿ ಬಂದವರು. ಅಂದು ಆ ಪ್ರದೇಶದಲ್ಲಿ ರೋಗವಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದೆರಡು ದಿನಗಳ ನಂತರ. ಮುಂದಿನ ತಿಂಗಳು ಬೆರ್ಗಾಮೊದ ಆಸ್ಪತ್ರೆಗಳ ಸ್ಥಿತಿಯನ್ನು ಜಗತ್ತೇ ಟಿ.ವಿ.ಯಲ್ಲಿ ನೋಡಿತು. ರೋಗ ಹಬ್ಬಲು ಆ ಪಂದ್ಯವೊಂದೇ ಕಾರಣವಲ್ಲ, ಆದರೆ ಅದೂ ಒಂದು ಕಾರಣವೆಂದು ಅಲ್ಲಿನ ವೈದ್ಯರು ಅಭಿಪ್ರಾಯಪಟ್ಟರು.

2021ರ ಯೂರೋ ಕಪ್ ಸಮಯದಲ್ಲಿ ಸ್ಕಾಟ್ಲೆಂಡಿನ ಆರೋಗ್ಯ ಇಲಾಖೆ, ಪಂದ್ಯಗಳಿಗೆ ಸಂಬಂಧಿಸಿದ ಕೂಟಗಳಲ್ಲಿ ಭಾಗವಹಿಸಿದ್ದ 1,991 ಸೋಂಕಿತರನ್ನು ಗುರುತಿಸಿತು. ಅವರಲ್ಲಿ ಸುಮಾರು ಮೂರನೇ ಎರಡು ಪಾಲು ಲಂಡನ್ನಿಗೆ ಹೋಗಿ ಬಂದವರು. ಆದರೆ ಲಂಡನ್ನಿನ ಕ್ರೀಡಾಂಗಣದೊಳಗೆ ಕುಳಿತು ಪಂದ್ಯ ನೋಡಿದವರು 397 ಮಂದಿ ಮಾತ್ರ. ಉಳಿದ ಹಲವರು ಪಾನಗೃಹಗಳಲ್ಲಿ, ಮನೆಗಳಲ್ಲಿ ಗುಂಪುಗೂಡಿ ನೋಡಿದವರು. ತೆರೆದ ಮೈದಾನಕ್ಕಿಂತ ಕಿಟಕಿ ಮುಚ್ಚಿದ ವಾಹನ, ಇಕ್ಕಟ್ಟಾದ ಕೋಣೆ ಹೆಚ್ಚು ಅಪಾಯಕಾರಿ ಎಂಬುದನ್ನು ನಾವು ಮರೆಯಬಾರದು.

ನಮ್ಮ ಊರಿನಲ್ಲೂ ಇಂಥ ತೀರ್ಮಾನಗಳು ನಡೆದಿವೆ. 2020ರ ಕೊನೆಗೆ ಆರಂಭವಾಗಬೇಕಿದ್ದ ಕಂಬಳದ ಋತು 2021ರ ಜನವರಿ ಕೊನೆಗೆ ಹೋಯಿತು. ವರ್ಷವಿಡೀ ಕೋಣ ಸಾಕಿದವರಿಗೆ ಅದು ಸಣ್ಣ ನಷ್ಟವಲ್ಲ. 2022ರ ಜನವರಿ ಮೊದಲ ವಾರ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಪುರುಷರ ಅಥ್ಲೆಟಿಕ್ ಕೂಟ ನಡೆಯುತ್ತಿದ್ದಾಗಲೇ, ಒಮಿಕ್ರಾನ್ ಕಾರಣದಿಂದ ರಾಜ್ಯ ಸರಕಾರ ವಾರಾಂತ್ಯ ಕರ್ಫ್ಯೂ ಘೋಷಿಸಿತು.

ನಿಲ್ಲಿಸುವುದಕ್ಕೂ ಬೆಲೆಯಿದೆ. ಭಾರತದಲ್ಲಿ 2020ರಲ್ಲಿ ನಡೆಯಬೇಕಿದ್ದ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಫುಟ್‌ಬಾಲ್ ಮುಂದೆ ಹೋಗಿ, ಕೊನೆಗೆ ರದ್ದಾಯಿತು. 2022ರಲ್ಲಿ ನಮ್ಮ ದೇಶದಲ್ಲೇ ಮತ್ತೆ ನಡೆದಾಗ, ಮೊದಲು ಸಿದ್ಧರಾಗಿದ್ದ ಹುಡುಗಿಯರಿಗೆ ವಯಸ್ಸು ಮೀರಿತ್ತು.

ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. 2021ರ ಮಾರ್ಚ್ ಕೊನೆಯಲ್ಲಿ ಒಂದು ಕಬಡ್ಡಿ ಪಂದ್ಯಾಟಕ್ಕೆ ಅತಿಥಿಯಾಗಿ ಹೋಗಿದ್ದೆ. ವೇದಿಕೆಯಲ್ಲಿದ್ದವರ ಮಾಸ್ಕ್ ಗಲ್ಲದ ಕೆಳಗಿತ್ತು, ನನ್ನದೂ ಸಹ. ಎರಡನೇ ಅಲೆ ಬರುತ್ತಿದೆಯೆಂದು ಗೊತ್ತಿದ್ದೂ ಶುಭ ಹಾರೈಸಿ ಬಂದೆ. ಸಂಘಟಕರ ಉತ್ಸಾಹಕ್ಕೆ ತಣ್ಣೀರೆರಚುವುದು ಹೇಗೆಂಬ ಸಂಕೋಚ. ಎರಡು ವಾರಗಳಲ್ಲಿ ಅಲ್ಲಿನ ಆಟಗಾರನೊಬ್ಬ ತನ್ನ ಅಜ್ಜಿಯನ್ನು ಕರೆತಂದ. ಹುಡುಗನಿಗೆ ಎರಡು ದಿನ ನೆಗಡಿಯಾಗಿ ಹೋಗಿತ್ತು. ಅಜ್ಜಿ ಆಸ್ಪತ್ರೆಯಿಂದ ಹಿಂತಿರುಗಲಿಲ್ಲ. ಸೋಂಕು ಅಲ್ಲಿಂದಲೇ ಬಂತೆಂದು ಹೇಳಲಾರೆ, ಅಲ್ಲಿಂದ ಬರಲಿಲ್ಲವೆಂದೂ ಹೇಳಲಾರೆ. ಅಂದಿನಿಂದ, ಯಾರಾದರೂ ಕೇಳಿದರೆ ಸಂಕೋಚಪಡದೆ ಹೇಳುತ್ತೇನೆ.

ನಮ್ಮ ಜ್ವರಗಳ ದಾರಿ

ಇಲಿಜ್ವರ: ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ ಬರುತ್ತದೆ. ಕಾಲಿನ ಗಾಯ, ನೀರಲ್ಲಿ ನೆನೆದ ಚರ್ಮ, ಕಣ್ಣು, ಬಾಯಿಯ ಮೂಲಕ ರೋಗಾಣು ಒಳಸೇರುತ್ತದೆ. ಇಲ್ಲಿ ಜನಸಂದಣಿಯಿಂದ ಅಪಾಯವಿಲ್ಲ, ಗದ್ದೆಯಿಂದಲೇ ಅಪಾಯ.

ಡೆಂಗೆ: ಹಗಲು ಕಚ್ಚುವ ಈಡಿಸ್ ಸೊಳ್ಳೆಯಿಂದ ಬರುತ್ತದೆ. ಆಟದ ನಂತರ ಬಿಟ್ಟುಹೋಗುವ ಬೊಂಡದ ಚಿಪ್ಪು, ಪ್ಲಾಸ್ಟಿಕ್ ಲೋಟ, ಟಾರ್ಪಾಲಿನ ಮಡಿಕೆಯಲ್ಲಿ ನಿಂತ ನೀರು ಸೊಳ್ಳೆಗಳಿಗೆ ತೊಟ್ಟಿಲು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೂ ಅಷ್ಟೇ.

ಕಾಮಾಲೆ, ಟೈಫಾಯ್ಡ್: ಕುದಿಸದ ನೀರು, ಐಸ್, ಶರಬತ್ತು, ಕೈ ತೊಳೆಯದೆ ಬಡಿಸುವವರಿಂದ ಹರಡುತ್ತವೆ. ಊಟದ ವ್ಯವಸ್ಥೆ ಸರಿಯಿಲ್ಲದಿದ್ದರೆ ಆಡಲು ಬಂದ ಹತ್ತು ಊರಿಗೂ ರೋಗ ಹಂಚಿದಂತಾಗುತ್ತದೆ.

ಮಂಗನ ಕಾಯಿಲೆ: 1982-83ರಲ್ಲಿ ಕಾಡು ಕಡಿದ ಬಳಿಕ ಬೆಳ್ತಂಗಡಿ ತಾಲೂಕಿನಲ್ಲಿ ಈ ರೋಗ ನೂರಕ್ಕೂ ಹೆಚ್ಚು ಜೀವ ತೆಗೆದದ್ದು ಹಿರಿಯರಿಗೆ ನೆನಪಿರಬಹುದು. ಉಣ್ಣಿಯ ಕಡಿತದಿಂದ ಬರುವ ಇದು ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ಕಾಡಂಚಿನಲ್ಲಿ ವಾಹನ ನಿಲ್ಲಿಸುವುದು, ತರಗೆಲೆಯ ಮೇಲೆ ಕೂರುವುದು ಅಪಾಯ.

ಫ್ಲೂ, ಕೋವಿಡ್, ದಡಾರ: ಇವು ಉಸಿರಿನ ಮೂಲಕ ಹರಡುವಂಥವು. ಜನ ಸೇರುವುದೇ ಇವುಗಳಿಗೆ ಬೇಕಾದದ್ದು. ಊರಲ್ಲಿ ಇವು ಏರುತ್ತಿದ್ದರೆ ಮುಂದೂಡುವುದೇ ಲೇಸು.

ತೀರ್ಮಾನಕ್ಕೆ ಮುನ್ನ

ಸಂಘಟಕರು ನೋಟೀಸು ಹಂಚುವ ಮೊದಲು ಇಷ್ಟನ್ನು ಮಾಡಿಕೊಳ್ಳಿ.

1. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಯಾವ ಜ್ವರ, ಎಷ್ಟು ಮಂದಿಗೆ, ಹೆಚ್ಚುತ್ತಿದೆಯೇ ಇಳಿಯುತ್ತಿದೆಯೇ ಎಂದು ಕೇಳಿ. ಆಶಾ ಕಾರ್ಯಕರ್ತೆಗೂ ಇದು ಗೊತ್ತಿರುತ್ತದೆ.

2. ತಂಡಗಳು ಎಲ್ಲಿಂದ ಬರುತ್ತವೆ, ಎಲ್ಲಿ ಮಲಗುತ್ತವೆ, ನೀರು ಎಲ್ಲಿಯದು ಎಂಬುದನ್ನು ಬರೆದಿಡಿ.

3. ಹತ್ತಿರದ ಆಸ್ಪತ್ರೆ ಜ್ವರದ ರೋಗಿಗಳಿಂದಲೇ ತುಂಬಿದ್ದರೆ, ಕಾಲು ಮುರಿದ ಆಟಗಾರನಿಗೆ ಹಾಸಿಗೆ ಎಲ್ಲಿ?

4. ಹೊಸ ದಿನಾಂಕವೊಂದನ್ನು ಮೊದಲೇ ನಿಶ್ಚಯಿಸಿ. ಶಾಮಿಯಾನ, ಧ್ವನಿವರ್ಧಕದವರೊಂದಿಗೂ ಮೊದಲೇ ಮಾತಾಡಿಕೊಳ್ಳಿ. ಅಡ್ವಾನ್ಸ್ ಹೋಗುತ್ತದೆಂಬ ಒಂದೇ ಕಾರಣಕ್ಕೆ ಆಟ ನಡೆಸುವಂತಾಗಬಾರದು.

ಆಟಗಾರರಿಗೂ ಒಂದು ಮಾತು. ಜ್ವರವಿದ್ದಾಗ ಮಾತ್ರೆ ನುಂಗಿ ಮೈದಾನಕ್ಕಿಳಿಯಬೇಡಿ. ವೈರಸ್ ಜ್ವರದಲ್ಲಿ ಹೃದಯದ ಸ್ನಾಯುವಿಗೂ ಉರಿಯೂತ ಬರುವುದುಂಟು. ಡೆಂಗೆಯಲ್ಲಿ ನೋವಿನ ಮಾತ್ರೆಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕೆಸರಲ್ಲಿ ಆಡಿದ ಮೇಲೆ ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು, ಮೂತ್ರ ಕಡಿಮೆಯಾಗುವುದು ಕಂಡರೆ “ಗದ್ದೆಯಲ್ಲಿ ಆಡಿದ್ದೆ” ಎಂದು ವೈದ್ಯರಿಗೆ ಹೇಳಿ. ಆ ಒಂದು ಮಾತು ಚಿಕಿತ್ಸೆಯ ದಾರಿಯನ್ನೇ ಬದಲಾಯಿಸಬಹುದು. ಇಲಿಜ್ವರಕ್ಕೆ ಬೇಗ ಕೊಟ್ಟರೆ ಅಗ್ಗದ ಔಷಧವೇ ಸಾಕಾಗುತ್ತದೆ.

ಆ ಯುವಕರ ಊರಿನ ಜ್ವರ ರಕ್ತಪರೀಕ್ಷೆಯಲ್ಲಿ ಇಲಿಜ್ವರವೆಂದೇ ಖಚಿತವಾಯಿತು. “ಆಟ ಬೇಡ ಅಂತ ಹೇಳುವುದಿಲ್ಲ, ಕೆಸರು ಬೇಡ” ಎಂದೆ. ಮೂವರ ಮುಖವೂ ಬಾಡಿತು. ಹಿರಿಯರು ಶಾಮಿಯಾನದವರನ್ನು ಒಪ್ಪಿಸಿದರು. ಡಿಸೆಂಬರಿನಲ್ಲಿ ಶಾಲೆಯ ಒಣ ಮೈದಾನದಲ್ಲಿ ಪಂದ್ಯಾಟ ನಡೆಯಿತು. ಹದಿನಾರರ ಬದಲು ಹನ್ನೊಂದು ತಂಡಗಳು ಬಂದಿದ್ದವು. ಜ್ವರದಿಂದ ಎದ್ದಿದ್ದ ಇಬ್ಬರು ಹುಡುಗರೂ ಅಂದು ಆಡಿದರು.