ತೋಟದ ಮನೆಗೆ ಬಂದ ನೋಟೀಸು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆಯ ಕೊಯ್ಲು ಮುಗಿದು ಮಾಲು ಮಂಡಿ ಸೇರಿದ ಮೇಲೆಯೇ ಮಗಳ ಮದುವೆ, ಮನೆಯ ದುರಸ್ತಿಯ ಮಾತು. ಹಾಗೆ ಬ್ಯಾಂಕಿಗೆ ಕಟ್ಟಿದ ಹಣವೆಲ್ಲಿಂದ ಬಂತೆಂದು ವರಮಾನ ತೆರಿಗೆ ಇಲಾಖೆಯ ನೋಟೀಸು ಕೇಳಿದರೆ ಯಜಮಾನನ ಎದೆ ಝಲ್ಲೆನ್ನುವುದು ಸಹಜ. “ಕೃಷಿಗೆ ತೆರಿಗೆಯೇ ಇಲ್ಲವಲ್ಲ!” ಎಂಬುದು ಅವನ ಮೊದಲ ಉದ್ಗಾರ.

ಮಾತು ನಿಜವೇ. ಬ್ರಿಟಿಷ್ ಭಾರತದ 1886ರ ಕಾಯಿದೆಯು ಕೃಷಿ ವರಮಾನವನ್ನು ಹೊರಗಿಟ್ಟಿತು. ಸಂವಿಧಾನವು ಅದರ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳಿಗೆ ವಹಿಸಿತು. ತೋಟದವನೇ ತನ್ನ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಮಾರಿದರೂ ಅದು ಕೃಷಿ ವರಮಾನವೇ. ಆದರೆ ಪರರ ಫಸಲನ್ನು ಚೇಣಿಗೆ ಹಿಡಿದವನ ಲಾಭ ವ್ಯಾಪಾರದ್ದು. ಕಾಫಿಯನ್ನು ಬೆಳೆದವನೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಲಾಭದಲ್ಲಿ ನೂರಕ್ಕೆ 25 ಭಾಗ, ಹುರಿದು ಪುಡಿಮಾಡಿ ಮಾರಿದರೆ 40 ಭಾಗ ವ್ಯಾಪಾರದ ಲೆಕ್ಕಕ್ಕೆ ಸೇರುತ್ತದೆ. ಠೇವಣಿಯ ಬಡ್ಡಿಯಂತೂ ಕೃಷಿಯದಲ್ಲ. ಇಂಥ ಇತರ ವರಮಾನವು ವಿನಾಯಿತಿಯ ಮಿತಿಯನ್ನು ಮೀರಿದರೆ, 5,000 ರೂಪಾಯಿ ದಾಟಿದ ಕೃಷಿ ವರಮಾನವನ್ನೂ ತೆರಿಗೆಯ ದರ ನಿರ್ಧರಿಸಲು ಪರಿಗಣಿಸುವ ಕ್ರಮವುಂಟು.

ಆದುದರಿಂದ ಇಲಾಖೆ ಕೇಳುವುದು ಪುರಾವೆ. ಪಹಣಿ, ಮಂಡಿಯ ಪಟ್ಟಿ, ಗೊಬ್ಬರದ ರಸೀತಿ, ಕೂಲಿಯ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ಕು—ಇವು ಒಂದಕ್ಕೊಂದು ತಾಳೆಯಾಗಬೇಕು. ತೊಡಕು ಹೆಚ್ಚಾಗಿ ಹುಟ್ಟುವುದು ಅವಿಭಕ್ತ ಮನೆಗಳಲ್ಲಿ: ಪಹಣಿ ತಂದೆಯ ಹೆಸರಿನಲ್ಲಿ, ಹಣ ಮಗನ ಖಾತೆಯಲ್ಲಿ. ಆಗ ಪಾಲುಪಟ್ಟಿಯಾಗಲಿ, ಕುಟುಂಬದ ಲೆಕ್ಕವಾಗಲಿ ಇಲ್ಲದಿದ್ದರೆ ಬೆವರಿನ ಗಳಿಕೆಯೇ ಮೂಲ ತಿಳಿಯದ ಹಣವೆನಿಸೀತು.

ಇಲ್ಲಿಯೇ ಲೆಕ್ಕಪರಿಶೋಧಕರ ನೆರವು ಬೇಕಾಗುವುದು. ಚಾರ್ಟರ್ಡ್ ಅಕೌಂಟೆಂಟರು, ವಕೀಲರು ತೆರಿಗೆದಾರನ ಪ್ರತಿನಿಧಿಗಳಾಗಬಹುದು. ಹತ್ತಿರದ ಬಂಧುವಿಗೂ ಅವಕಾಶವುಂಟು. ನುರಿತವರು ಮೊದಲು ನೋಡುವುದು ನೋಟೀಸಿನ ತಾರೀಖನ್ನು. ವಿವರವಾದ ಪರಿಶೀಲನೆಯ ನೋಟೀಸನ್ನು, ರಿಟರ್ನ್ ಸಲ್ಲಿಸಿದ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಜಾರಿಮಾಡಬೇಕೆಂಬ ನಿಯಮವಿದೆ. ಈಗ ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುವ ಪ್ರಸಂಗವೂ ವಿರಳ. ಪ್ರಶ್ನೋತ್ತರಗಳೆಲ್ಲ ಬಹುಮಟ್ಟಿಗೆ ಇಲಾಖೆಯ ಜಾಲತಾಣದಲ್ಲೇ ನಡೆಯುತ್ತವೆ.

ಹಾಗೆಂದು ಮೌನ ಸಲ್ಲದು. ಉತ್ತರ ಬಾರದಿದ್ದರೆ ಅಧಿಕಾರಿಯು ತನಗೆ ದೊರೆತ ಮಾಹಿತಿಯಿಂದಲೇ ವರಮಾನವನ್ನು ಅಂದಾಜು ಮಾಡಿ ತೆರಿಗೆ ವಿಧಿಸಬಹುದು. ವೈದ್ಯರಲ್ಲಿ ರೋಗವನ್ನು ಮುಚ್ಚಿಡಬಾರದು. ಲೆಕ್ಕಪರಿಶೋಧಕರಲ್ಲಿ ರಸೀತಿಯನ್ನೂ ಮುಚ್ಚಿಡಬಾರದು. ಅಡಿಕೆಯನ್ನು ಅಟ್ಟದ ಮೇಲೆ ಜೋಪಾನವಾಗಿರಿಸುವ ಮನೆಯು ಅದನ್ನು ಮಾರಿದ ಪಟ್ಟಿಯನ್ನೂ ಅಷ್ಟೇ ಜೋಪಾನವಾಗಿರಿಸಿದರೆ ನೋಟೀಸು ಬಂದ ರಾತ್ರಿಯೂ ನಿದ್ದೆ ಬಂದೀತು.